ಹಸಿ ಕೀಬೋರ್ಡು

ಮೊನ್ನೆ ಭಾನುವಾರ ಕೀಬೋರ್ಡನ್ನು ತಲೆಕೆಳಗು ಮಾಡಿ ಬೆನ್ನಿಗೆ ಎರಡು ಏಟು ಕೊಟ್ಟೆ. ಒಂದಿಷ್ಟು ಧೂಳು, ಒಂದು ಉದ್ದ ಕೂದಲು, ಚುರುಮುರಿಯ ಒಂದು ಚೂರು ಬಿದ್ದವು. ಕೊನೆಗೆ ಒಂದು ಮೆಣಸಿನಕಾಯಿ ಬೀಜವೂ ಬಿತ್ತು. ಧೂಳು, ಕೂದಲು, ಚುರುಮುರಿ ಯಾರ ಕೀಬೋರ್ಡಿನಿಂದಲಾದರೂ ಬೀಳುತ್ತವೆ. ಮೆಣಸಿನಕಾಯಿ ಬೀಜ ಬೀಳಬೇಕೆಂದರೆ ಆ ಮನೆಯಲ್ಲಿ ನನ್ನ ಅವ್ವನಂಥ ಅವ್ವ ಇರಬೇಕು. ಇದು ಎರಡನೆಯ ಬೀಜ. ಮೊದಲನೆಯದು ಸಿಕ್ಕದ್ದು ಕಾಲೇಜಿನ ಬೆಂಚಿನ ಮೇಲೆ.

ನನ್ನ ಹೆಸರು ಗಿರಿಜಾ, ಬಿ.ಎ. ಹುಟ್ಟೂರು ಹರ್ತಿ, ಈಗ ಇರುವುದು ಬೆಟಗೇರಿಯಲ್ಲಿ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನೇ. ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಗ್ಯಾಸಿನ ಪುಸ್ತಕದಲ್ಲೂ ಹೆಸರಿನ ಮುಂದೆ ಬಿ.ಎ. ಬರೆಸಿದ್ದೇನೆ. ಸಿಲಿಂಡರ್ ತರುವವನು ಒಮ್ಮೆ ಬೀದಿಯ ತುದಿಯಿಂದಲೇ "ಬಿ.ಎ. ಅಕ್ಕಾರ ಮನ್ಯಾಗ ಅದಾರೇನ್ರಿ?" ಎಂದು ಕೂಗಿದ. ಬೀದಿಯೆಲ್ಲ ನಕ್ಕಿತು. ನಗಲಿ. ಆ ಎರಡಕ್ಷರಕ್ಕೆ ಎಷ್ಟು ತೊಟ್ಟು ಮುರಿದಿದ್ದೇನೆ ಎಂದು ನನಗೆ ಗೊತ್ತು.

ತೊಟ್ಟು ಅಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ನಮ್ಮ ಕಡೆ ಮೆಣಸಿನಕಾಯಿ ಬಿಡಿಸುವ ಕಾಲ ಬಂತೆಂದರೆ ಮಾಳಿಗೆ, ಅಂಗಳ, ಕಟ್ಟೆ ಎಲ್ಲ ಕೆಂಪಗಾಗುತ್ತವೆ. ಒಣಗಿದ ಕಾಯಿಯ ತೊಟ್ಟು ಮುರಿಯುವುದು ಹೆಂಗಸರ ಕೆಲಸ, ಶಾಲೆ ಬಿಟ್ಟು ಬಂದ ಮೇಲೆ ಮಕ್ಕಳ ಕೆಲಸ. ಎಡಗೈಯಲ್ಲಿ ಕಾಯಿ ಹಿಡಿದು ಬಲಗೈ ಹೆಬ್ಬೆರಳನ್ನು ತೊಟ್ಟಿನ ಬುಡಕ್ಕೆ ಇಟ್ಟು ಸಣ್ಣಗೆ ಒತ್ತಬೇಕು. ಟಕ್. ಟಕ್ ಎಂದಿತೋ ಬೆರಳು ಅಲ್ಲಿಗೇ ನಿಲ್ಲಬೇಕು. ಇನ್ನೊಂದು ಚೂರು ಒತ್ತಿದರೆ ಕಾಯಿ ಸೀಳಿ ಬೀಜ ಚೆಲ್ಲುತ್ತದೆ, ಅವ್ವನ ಕೈ ಬೆನ್ನ ಮೇಲೆ ಬೀಳುತ್ತದೆ. ಕಾಲೇಜಿನ ಫೀಜು, ಬಸ್ಸಿನ ಪಾಸು, ಟೈಪಿಂಗ್ ಕ್ಲಾಸು ಎಲ್ಲ ಈ ಟಕ್ಕಿನಿಂದಲೇ ಬಂದವು. ಗದಗಿನ ಟೈಪಿಂಗ್ ಕ್ಲಾಸಿಗೆ ಸೇರಿದ ವಾರದಲ್ಲೇ ಅಲ್ಲಿಯ ಸರ್ ನನ್ನ ಹಿಂದೆ ಬಂದು ನಿಂತರು.

"ಏನವಾ, ಈ ಮೊದಲ ಎಲ್ಲೆರೆ ಕಲ್ತಿದ್ದೇನು?"

"ಹೂನ್ರಿ."

"ಯಾವ ಕ್ಲಾಸಿನ್ಯಾಗ?"

"ಮೆಣಸಿನಕಾಯಿ ಚೀಲದ ಮುಂದರಿ."

ಅಂದಿನಿಂದ ನನ್ನ ಬೆರಳಿಗೆ ಟಕ್ ಎನ್ನದ ಕೀ ಎಂದರೆ ಆಗುವುದಿಲ್ಲ. ಲ್ಯಾಪ್‌ಟಾಪಿನ ಚಪ್ಪಟೆ ಕೀಗಳನ್ನು ಒತ್ತಿದರೆ ನೀರಿನಲ್ಲಿ ನೆನೆದ ಕಾಯಿಯ ತೊಟ್ಟು ಮುರಿದಂತೆ ಆಗುತ್ತದೆ. ಒತ್ತಿದೆನೋ ಇಲ್ಲವೋ ಎಂದು ಕಣ್ಣೇ ಹೇಳಬೇಕು.

ಅವ್ವನದು ಇನ್ನೊಂದು ವಿದ್ಯೆ. ಕಾಯಿ ಒಣಗಿದೆಯೋ ಇಲ್ಲವೋ ಎಂದು ಆಕೆ ಕಣ್ಣಿನಿಂದ ನೋಡುವವಳಲ್ಲ. ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. ಒಳಗೆ ಬೀಜ ಗಿಲಗಿಲ ಎಂದರೆ ಒಣಗಿದೆ, ಸುಮ್ಮನಿದ್ದರೆ ಹಸಿ. ಹಸಿ ಕಾಯಿ ಒಂದು ಒಳಗೆ ಹೋದರೂ ಇಡೀ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ. "ಮಾತಾಡದ ಕಾಯಿ ನಂಬಬ್ಯಾಡ" ಎನ್ನುತ್ತಾಳೆ. ಈ ಮಾತನ್ನು ಆಕೆ ಮೆಣಸಿನಕಾಯಿಗೆ ಮಾತ್ರ ಹೇಳಿದ್ದರೆ ನಾನು ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಬಹಳ ವರ್ಷ ಗದಗಿನ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ, ಕರಪತ್ರ, ವಾರ್ಷಿಕ ವರದಿ ಎಂದು ಟೈಪು ಮಾಡಿದೆ. ಅಲ್ಲಿ ಕೆಲಸ ಕಡಿಮೆಯಾಗುತ್ತ ಬಂದ ಹೊತ್ತಿಗೆ ಒಂದು ಕಾಲೇಜಿನಿಂದ ಕರೆ ಬಂತು. ಒಬ್ಬ ವಿದ್ಯಾರ್ಥಿನಿಗೆ ಕಿವಿ ಕೇಳುವುದಿಲ್ಲ, ಪಕ್ಕದಲ್ಲಿ ಕೂತು ಮಾಸ್ತರು ಹೇಳಿದ್ದನ್ನು ಹೇಳಿದ ಹಾಗೇ ಟೈಪು ಮಾಡಬೇಕು, ಆಕೆ ಅದನ್ನು ಟ್ಯಾಬಿನಲ್ಲಿ ಓದಿಕೊಳ್ಳುತ್ತಾಳೆ ಎಂದರು. ಆಕೆಯೇ ರೇಣುಕಾ. ಊರು ಅಡರಕಟ್ಟಿ. ದಿನವೂ ಲಕ್ಷ್ಮೇಶ್ವರದ ಮೇಲೆ ಬಸ್ಸು ಹಿಡಿದು ಬರುತ್ತಾಳೆ. ಆರನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋದವು, ಮಾತು ಉಳಿಯಿತು. ಮಾತಿಗೆ ಏರಿಳಿತ ಕಡಿಮೆ, ದನಿ ಸ್ವಲ್ಪ ಜೋರು. ಎದುರಿಗಿದ್ದವರು ನಿಧಾನ ಮಾತಾಡಿದರೆ ತುಟಿ ನೋಡಿ ತಿಳಿಯುತ್ತಾಳೆ. ಆದರೆ ಮಾಸ್ತರುಗಳು ಬೋರ್ಡಿನ ಕಡೆ ತಿರುಗಿ ಮಾತಾಡುವ ಜನ. ಆಕೆಯ ಮನೆಯಲ್ಲೂ ಡಿಗ್ರಿಯ ಮೆಟ್ಟಿಲು ಹತ್ತಿದವಳು ಆಕೆಯೇ ಮೊದಲು. ಹಾಗಾಗಿ ನನಗೆ ಆಕೆಯ ಮೇಲೆ ಪಕ್ಷಪಾತ. ಮುಚ್ಚಿಡುವುದೇನು?

ಕೀಬೋರ್ಡಿಗೆ ವೈರು ಇರುವಂತಿರಲಿಲ್ಲ. ಮೊದಲ ತಿಂಗಳು ಇತ್ತು. ಮಾಸ್ತರು ಏನೋ ಕೇಳಿದಾಗ ರೇಣುಕಾ ಟ್ಯಾಬು ಹಿಡಿದು ಧಡಕ್ಕನೆ ಎದ್ದಳು. ವೈರು ಜಗ್ಗಿ ಕೀಬೋರ್ಡು ಬಂದು ನನ್ನ ಕಾಲ ಮೇಲೆ ಬಿತ್ತು. ಆಮೇಲೆ ನನ್ನ ತಮ್ಮ ಬಸು ವೈರಿಲ್ಲದ ಒಂದನ್ನು ಕೊಟ್ಟ. ಮುಂಡರಗಿಯಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಕೊಟ್ಟದ್ದು ಬರೀ ನನ್ನ ಕೆಲಸಕ್ಕಲ್ಲ. ದಿನಾ ಸಂಜೆ ಆರರಿಂದ ಏಳರವರೆಗೆ ನಾವಿಬ್ಬರೂ ಆನ್‌ಲೈನಿನಲ್ಲಿ ಕಾರು ಓಡಿಸುತ್ತೇವೆ. ಅವನು ಮುಂಡರಗಿಯಿಂದ, ನಾನು ಬೆಟಗೇರಿಯಿಂದ. ನನ್ನದು ಹಳದಿ ಕಾರು. ನಲವತ್ತೆರಡು ವರ್ಷದ ಹೆಂಗಸು ಕಾರು ಎಡಕ್ಕೆ ತಿರುಗುವಾಗ ತಾನೂ ಕುರ್ಚಿಯಲ್ಲಿ ಎಡಕ್ಕೆ ವಾಲುವುದನ್ನು ಅವ್ವ ಬಾಗಿಲಲ್ಲಿ ನಿಂತು ನೋಡುತ್ತಾಳೆ. "ಬಿ.ಎ. ಮಾಡಿದ್ದು ಇದಕ್ಕೇನ?" ಎಂದು ಕೇಳುತ್ತಾಳೆ. ನಾನು ಉತ್ತರ ಕೊಡುವುದಿಲ್ಲ, ತಿರುವು ಇರುತ್ತದೆ.

ಆ ಕೀಬೋರ್ಡಿನೊಳಗೆ ನೀಲಿ ಸ್ವಿಚ್ಚು. ಪ್ರತಿ ಕೀಯ ಕೆಳಗೆ ಒಂದೊಂದು ಸ್ವಿಚ್ಚು ಇರುತ್ತದೆ, ನೀಲಿಯದು ಎಲ್ಲಕ್ಕಿಂತ ಬಾಯಿಬಡುಕ. ಟಕ್ ಅಲ್ಲ, ಟಕಾಟಕ್. ನನಗೆ ಸ್ವರ್ಗ. ಎರಡು ವರ್ಷ ಯಾರೂ ಏನೂ ಅನ್ನಲಿಲ್ಲ. ಈ ಸಲ ಅರ್ಥಶಾಸ್ತ್ರಕ್ಕೆ ಹೊಸ ಸರ್ ಬಂದರು. ದನಿ ಮೆತ್ತಗೆ. ಒಂದು ಸೋಮವಾರ ಪಾಠದ ನಡುವೆ ನಿಲ್ಲಿಸಿ, "ಮೇಡಂ, ನನ್ನ ಪಾಠಕ್ಕಿಂತ ನಿಮ್ಮ ಕಟಕಟಾನ ಜೋರ್ ಆಗೇತ್ರಿ" ಎಂದರು. ಹಿಂದಿನ ಬೆಂಚಿನಿಂದ ಒಬ್ಬ, "ಸರ್, ನಾವು ಅವ್ರ ಪಾಠಾನ ಕೇಳಾಕತ್ತೇವ್ರಿ" ಎಂದ. ಎಲ್ಲರೂ ನಕ್ಕರು. ನಾನು ಅದನ್ನೂ ಟೈಪು ಮಾಡಿದೆ. ಹೇಳಿದ್ದನ್ನು ಹೇಳಿದ ಹಾಗೇ ಹೊಡೆಯುವುದು ನನ್ನ ಕೆಲಸ. ರೇಣುಕಾ ಓದಿದಳು, ಎಲ್ಲರ ಜೊತೆ ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಮಧ್ಯಾಹ್ನವೇ ಪ್ರಿನ್ಸಿಪಾಲರು ನನ್ನನ್ನೂ ರೇಣುಕಾಳನ್ನೂ ಕರೆಸಿದರು. ಕೆಟ್ಟ ಮನುಷ್ಯರಲ್ಲ. ಕುರ್ಚಿ ಎಳೆದು ಕೂರಿಸಿಯೇ ಮಾತಾಡಿದರು.

"ನೋಡ್ರಿ ಮೇಡಂ, ಈ ಹುಡಿಗಿಗೆ ಅನುಕೂಲ ಆಗಬೇಕು, ಅದರಾಗ ಎರಡು ಮಾತಿಲ್ಲ. ಆದ್ರ ಉಳದ ಮಂದಿಗೂ ಪಾಠ ಕೇಳಬೇಕಲ್ರಿ. ಮುಂದಿನ ಸೋಮವಾರ ನಾನ ಬಂದು ಕ್ಲಾಸಿನ್ಯಾಗ ಹಿಂದ ಕುಂಡರತೀನಿ. ನನಗ ಸಪ್ಪಳ ಕೇಳಿತಂದ್ರ ಮುಂದ ಕ್ಲಾಸಿನ್ಯಾಗ ಟೈಪಿಂಗ್ ಬ್ಯಾಡ. ನೀವು ಬರಕೊಳ್ರಿ, ಮರುದಿನ ಈಕಿಗೆ ನೋಟ್ಸ್ ಕೊಡ್ರಿ. ಆತಲ್ಲ?"

ನಾನು "ಆತ್ರಿ" ಎಂದೆ. ಹೊರಗೆ ಬಂದ ಮೇಲೆ ರೇಣುಕಾ ನನ್ನ ತೋಳು ಹಿಡಿದು ನಿಲ್ಲಿಸಿದಳು. ತುಟಿ ಓದಿ ಅಷ್ಟೂ ತಿಳಿದುಕೊಂಡಿದ್ದಳು.

"ನೋಟ್ಸ್ ಬ್ಯಾಡ್ರಿ ಅಕ್ಕೋರ. ಎಲ್ಲಾರೂ ನಕ್ಕಾಗ ನಾನೂ ನಗಬೇಕು. ಮರುದಿನ ಒಬ್ಬಾಕಿನ ಕುಂತು ನಕ್ಕರ ಹುಚ್ಚಿ ಅಂತಾರ."

ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಕೆಗೆ ತನ್ನ ದನಿ ಎಷ್ಟು ದೊಡ್ಡದು ಎಂದು ಗೊತ್ತಾಗುವುದಿಲ್ಲ.

ಮರುದಿನ ಮುಂಡರಗಿಗೆ ಹೋದೆ. ಬಸುನ ಅಂಗಡಿಯಲ್ಲಿ ಒಂದು ಹಲಗೆಯ ಮೇಲೆ ಹತ್ತು ಹನ್ನೆರಡು ಬಗೆಯ ಸ್ವಿಚ್ಚು ಕೂರಿಸಿದ್ದಾನೆ, ಬಳೆ ಅಂಗಡಿಯ ಹಾಗೆ. ಒಂದೊಂದನ್ನೂ ಒತ್ತಿ ನೋಡಬೇಕು. ಇವುಗಳ ಬೆಡಗು ಏನೆಂದರೆ ಕೀಬೋರ್ಡು ಒಂದೇ, ಒಳಗಿನ ಸ್ವಿಚ್ಚನ್ನು ಕಿತ್ತು ಬೇರೆ ಹಾಕಬಹುದು, ಹಳೇ ಮನೆಗೆ ಹೊಸ ಹಂಚು ಹೊದಿಸಿದ ಹಾಗೆ.

"ಅಕ್ಕಾ, ಕಣ್ಣು ಮುಚ್ಚಿ ಕೆಂಪು ತಗೊ. ಅದರಾಗೂ ಸಪ್ಪಳಿಲ್ಲದ ಕೆಂಪು. ಬೆಣ್ಣ್ಯಾಗ ಚಾಕು ಇಳದಂಗ ಇಳಿತೈತಿ. ಗೇಮಿಗಂತೂ ಇದರಂಥಾದ್ದು ಇಲ್ಲ."

"ನಾ ಗೇಮಿಗೆ ಬಂದಿಲ್ಲೋ. ಕೆಲಸ ಹೋಗೂ ಹೊತ್ತು ಬಂದೈತಿ."

"ಕೆಲಸಕ್ಕೂ ಆಗತೈತಿ. ಟ್ಯಾಬಿಗೆ ಬ್ಲೂಟೂತ್ ಹಚ್ಚು, ಗೇಮಿಗೆ ಈ ಸಣ್ಣ ಡಾಂಗಲ್ ಕಂಪ್ಯೂಟರಿಗೆ ಚುಚ್ಚು. ಬ್ಲೂಟೂತಿನ್ಯಾಗ ಗಾಡಿ ಓಡಿಸಬ್ಯಾಡ ಮತ್ತ. ನೀ ಬ್ರೇಕ್ ಒತ್ತಿದ ಮ್ಯಾಲೆ ಕಾರು ಒಂದೀಟು ವಿಚಾರ ಮಾಡಿ ನಿಲ್ಲತೈತಿ."

ಕೆಂಪು ಹಾಕಿಸಿಕೊಂಡು ಬಂದೆ. ಕೆಂಪು ನಿಜಕ್ಕೂ ಬೆಣ್ಣೆಯೇ. ಅಂದು ಸಂಜೆ ಮೂರು ಸಲ ಬಸುನನ್ನು ಹಿಂದೆ ಹಾಕಿದೆ. ಆತ ಫೋನಿನಲ್ಲಿ, "ನಾನ ಕೊಟ್ಟ ಕತ್ತಿ ನನಗ ಹಾಕಿದಿ" ಎಂದ. ಅವ್ವ ಮಾತ್ರ ಸ್ವಿಚ್ಚು ಬದಲಿಸಿದ ಕೀಬೋರ್ಡನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ನೀಲಿ ಇದ್ದಾಗ ಅಲ್ಲಾಡಿಸಿದರೆ ಗಿಲಗಿಲ ಎನ್ನುತ್ತಿತ್ತು. ಈಗ ಉಸಿರೆತ್ತಲಿಲ್ಲ.

"ಯವ್ವಾ, ಇದು ಹಸಿ ಐತಿ."

"ಕೀಬೋರ್ಡು ಹಸಿ ಇರತೈತೇನಬೇ?"

"ಮಾತ ಆಡವಲ್ದು. ನಿನಗ್ಯಾರೋ ಹಸೀದು ಕೊಟ್ಟಾರ."

"ನಿನ್ನ ಮಗನ ಕೊಟ್ಟಾನ."

"ಅವ ಸಣ್ಣಂವಿದ್ದಾಗಿಂದ ಹಂಗ" ಎಂದು ಕೆಳಗಿಟ್ಟಳು.

ಬುಧವಾರ ರಜೆಯಿತ್ತು. ಗುರುವಾರ ಅದನ್ನು ಕ್ಲಾಸಿಗೆ ಒಯ್ದೆ, ಕೆಳಗೆ ದಪ್ಪನೆಯ ಟವೆಲು ಬೇರೆ ಮಡಿಚಿ ಹಾಸಿದೆ. ಸರ್ ಮಾತು ಆರಂಭಿಸಿದರು, ನಾನು ಹೊಡೆಯತೊಡಗಿದೆ. ಕ್ಲಾಸಿನಲ್ಲಿ ಫ್ಯಾನಿನ ಸಪ್ಪಳ ಬಿಟ್ಟರೆ ಏನೂ ಇಲ್ಲ. ಸರ್ ಎರಡು ಸಲ ನನ್ನ ಕಡೆ ನೋಡಿ ಮುಗುಳ್ನಕ್ಕರು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವರು ಏನೋ ತಮಾಷೆ ಹೇಳಿದರು, ಕ್ಲಾಸು ನಕ್ಕಿತು. ರೇಣುಕಾ ಸರ್ ಮುಖವನ್ನೇ ನೋಡುತ್ತಿದ್ದಳು. ಎಲ್ಲರ ಭುಜ ಅಲುಗುವುದು ಕಂಡು ಗಾಬರಿಯಿಂದ ಟ್ಯಾಬು ನೋಡಿದಳು, ಓದಿದಳು, ನಕ್ಕಳು. ಅಷ್ಟು ಹೊತ್ತಿಗೆ ಉಳಿದವರ ನಗು ಮುಗಿದು ಕ್ಲಾಸು ತಣ್ಣಗಾಗಿತ್ತು. ಆ ತಣ್ಣಗಿನಲ್ಲಿ ಆಕೆಯ ನಗು ಒಂದೇ, ಅದೂ ಜೋರಾಗಿ. ಎಲ್ಲರೂ ತಿರುಗಿ ನೋಡಿದರು. ಆಕೆ ತಲೆ ತಗ್ಗಿಸಿ ಕೂತವಳು ಗಂಟೆ ಹೊಡೆಯುವವರೆಗೆ ಎತ್ತಲಿಲ್ಲ.

ಕ್ಲಾಸು ಖಾಲಿಯಾದ ಮೇಲೆ ಕೇಳಿದಳು: "ಇವತ್ತ ನಡುನಡುವ ಯಾಕ ನಿಲ್ಲಿಸಿದ್ರಿ ಅಕ್ಕೋರ?"

"ನಾ ಎಲ್ಲೂ ನಿಲ್ಲಿಸಿಲ್ಲವಾ."

"ಬೆಂಚು ಸುಮ್ಮನಿತ್ತು."

ನನಗೆ ತಿಳಿಯಲಿಲ್ಲ. ಆಕೆ ತನ್ನ ಎಡ ಅಂಗೈಯನ್ನು ಬೆಂಚಿನ ಮೇಲೆ ಅಗಲವಾಗಿ ಇಟ್ಟು ತೋರಿಸಿದಳು. ಎರಡು ವರ್ಷ ಆ ಕೈ ಅಲ್ಲೇ ಇತ್ತು. ಹಾಗೆ ಕೂರುವುದು ಆಕೆಯ ರೂಢಿ ಎಂದುಕೊಂಡಿದ್ದೆ. ಆಕೆ ಕಣ್ಣನ್ನು ಸರ್ ಮುಖದ ಮೇಲೆ, ಬೋರ್ಡಿನ ಮೇಲೆ ಬಿಟ್ಟು ಕೈಯಿಂದ ನನ್ನ ಟೈಪಿಂಗನ್ನು ಕೇಳುತ್ತಿದ್ದಳು. ಬೆಂಚು ನಡುಗಿದರೆ ಕೆಳಗೆ ನೋಡಬೇಕು, ನಿಂತರೆ ಮೇಲೆ ನೋಡಬಹುದು.

"ಸರ್ ಜೋಕು ಹೇಳೂ ಮುಂದ ನೀವು ಜಲ್ದಿ ಜಲ್ದಿ ಹೊಡಿತೀರಿ. ಆವಾಗ ನಾ ತಯಾರಾಗಿರತಿದ್ದೆ."

ಎರಡು ವರ್ಷ ಪಕ್ಕದಲ್ಲಿ ಕೂತ ನನಗೆ ಇದು ಗೊತ್ತಿರಲಿಲ್ಲ. ಬಿ.ಎ. ಎಂದು ಗ್ಯಾಸಿನ ಪುಸ್ತಕದಲ್ಲಿ ಬರೆಸಿದವಳಿಗೆ. ಎಲ್ಲರ ಕಿವಿಗೆ ಹಿಂಸೆಯಾಗಿದ್ದ ಸಪ್ಪಳ ಒಬ್ಬಳ ಅಂಗೈಗೆ ಪಾಠವಾಗಿತ್ತು. ನಾನು ಟವೆಲು ಮಡಿಚಿ ಹಾಸಿ ಅದನ್ನೂ ಕೊಂದಿದ್ದೆ.

ಸೋಮವಾರಕ್ಕೆ ನಾಲ್ಕೇ ದಿನ. ನೀಲಿ ಹಾಕಿದರೆ ಪ್ರಿನ್ಸಿಪಾಲರು ಕೇಳುತ್ತಾರೆ, ಕೆಂಪು ಹಾಕಿದರೆ ರೇಣುಕಾಗೆ ಕೇಳುವುದಿಲ್ಲ. ಅಂದು ಸಂಜೆ ಆರಕ್ಕೆ ಬಸು ನಾಲ್ಕು ಸಲ ಫೋನ್ ಮಾಡಿದ, ನಾನು ಕಾರು ತೆಗೆಯಲಿಲ್ಲ. ಅವ್ವನ ಎದುರು ಕೂತು ಸುಮ್ಮನೆ ತೊಟ್ಟು ಮುರಿದೆ. ಹರ್ತಿಯಿಂದ ಕಾಕಾ ಪ್ರತಿವರ್ಷ ಒಂದು ಚೀಲ ಕಳಿಸುತ್ತಾನೆ. ಬೆಟಗೇರಿಯ ಬಾಡಿಗೆ ಮನೆಯ ಮಾಳಿಗೆಯನ್ನೂ ಅವ್ವ ಕೆಂಪು ಮಾಡಿದ್ದಾಳೆ.

"ಅವ್ವಾ, ಬಜಾರದಾಗ ಗದ್ದಲಿದ್ದಾಗ ಕಾಯಿ ಹೆಂಗ ನೋಡತಿದ್ದಿ? ಅಲ್ಲೆ ಕಿವಿಗೆ ಏನ್ ಕೇಳತೈತಿ?"

ಅವ್ವ ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದಳು. ಒಂದು ಹಿಡಿ ಕಾಯಿ ಎತ್ತಿ ನನ್ನ ಮುಷ್ಟಿಯಲ್ಲಿ ತುರುಕಿ ಮೇಲೆ ತನ್ನ ಕೈ ಒತ್ತಿದಳು. ಒಣಗಿದ ಕಾಯಿ ಒಳಗೊಳಗೇ ಚಿಟಿಚಿಟಿ ಮುರಿಯುವುದು ಅಂಗೈಗೆ ತಿಳಿಯಿತು. ಕಿವಿಗೆ ಏನೂ ಕೇಳಿಸಲಿಲ್ಲ. ಹೊರಗೆ ಒಂದು ಟ್ರ್ಯಾಕ್ಟರ್ ಹೋಗುತ್ತಿತ್ತು.

"ಗೊತ್ತಾತಿಲ್ಲೋ? ಕಿವಿಗಿ ಕೇಳಲಾರದ್ದು ಕೈಗಿ ಕೇಳತೈತಿ."

ಕೈ ತೊಳೆಯದೆಯೇ ಬಸುಗೆ ಫೋನ್ ಹಚ್ಚಿದೆ. ಆ ಕೈ ಕಣ್ಣಿಗೆ ತಾಗಿ ಅರ್ಧ ಗಂಟೆ ಅತ್ತೆ, ಅದು ಬೇರೆ ಮಾತು.

ಶನಿವಾರ ಮಧ್ಯಾಹ್ನ ರೇಣುಕಾಳನ್ನು ಕರೆದುಕೊಂಡೇ ಮುಂಡರಗಿಗೆ ಹೋದೆ. ಬಸು ಒಂದು ಹಳೆಯ ಶಾಲೆಯ ಬೆಂಚನ್ನು ಎಲ್ಲಿಂದಲೋ ಹೊರಿಸಿ ತಂದಿಟ್ಟಿದ್ದ. "ಟೇಬಲ್ ಬ್ಯಾರೆ, ಬೆಂಚು ಬ್ಯಾರೆ" ಎಂದ. ನನ್ನ ತಮ್ಮ ಎಂದು ಅನ್ನಿಸಿದ್ದು ಆಗ. ಷಟರು ಅರ್ಧ ಎಳೆದು ರಸ್ತೆಯ ಗದ್ದಲ ಕಡಿಮೆ ಮಾಡಿದ. ರೇಣುಕಾ ಬೆಂಚಿನ ಒಂದು ತುದಿಗೆ ಕಣ್ಣು ಮುಚ್ಚಿ ಕೈಯಿಟ್ಟು ಕೂತಳು. ನಾನು ಇನ್ನೊಂದು ತುದಿಯಲ್ಲಿ ಕೀಬೋರ್ಡಿನ ಮುಂದೆ. ಬಸು ಅಂಗಡಿಯ ಹಿಂದಿನ ಗೋಡೆಗೆ ಮುಖ ಮಾಡಿ ಪ್ರಿನ್ಸಿಪಾಲರ ಕಿವಿಯಾಗಿ ನಿಂತ. ಒಂದೊಂದೇ ಜಾತಿಯ ಸ್ವಿಚ್ಚು ಹಾಕಿ ಒಂದು ಸಾಲು ಹೊಡೆಯುವುದು, ಮುಗಿದ ಮೇಲೆ ಆಕೆಯ ಭುಜ ತಟ್ಟುವುದು. ಕೈಗೆ ಗೊತ್ತಾಗಬೇಕು, ಗೋಡೆಗೆ ಕೇಳಬಾರದು.

"ಕೇಳತೈತಿ" ಎನ್ನುವನು ಬಸು.

"ಗೊತ್ತಾಗವಲ್ದು" ಎನ್ನುವಳು ರೇಣುಕಾ.

ಇದು ಕೇಳುತ್ತದೆ, ಅದು ಗೊತ್ತಾಗುವುದಿಲ್ಲ. ಕಂದು ಬಣ್ಣದವು ಒತ್ತಿದರೆ ನಡುವೆ ಒಂದು ಸಣ್ಣ ಗಂಟು ತಾಗುತ್ತದೆ, ತೊಟ್ಟು ಮುರಿದ ಹಾಗೆಯೇ. ಅದರಲ್ಲೂ ಸಪ್ಪಳ ಅಡಗಿಸಿದ ಒಂದು ಜಾತಿ ಸಿಕ್ಕಿತು. ಅದಕ್ಕೂ ಆಕೆ ತಲೆ ಅಲ್ಲಾಡಿಸಿದಳು. ಐದು ಗಂಟೆಗೆ ಅಡರಕಟ್ಟಿಯ ಕಡೆ ಹೋಗುವ ಆಕೆಯ ಬಸ್ಸು. ನಾಲ್ಕೂ ಕಾಲು ಆಗಿತ್ತು. ಬಸು ಬಂದು ಕೀಬೋರ್ಡನ್ನು ಬಿಚ್ಚಿ ಒಳಗಿನ ಸ್ಪಂಜು ತೆಗೆದ. ಕೆಳಗಿನ ನಾಲ್ಕು ರಬ್ಬರು ಕಾಲನ್ನೂ ಕಿತ್ತ. ಈಗ ಕೀಬೋರ್ಡಿನ ಹೊಟ್ಟೆ ನೇರ ಕಟ್ಟಿಗೆಯ ಮೇಲೆ.

ನಾನು ಒಂದು ಸಾಲು ಹೊಡೆದೆ. ಬಸು ಗೋಡೆಯ ಕಡೆಯಿಂದ, "ಹೊಡಿ ಮತ್ತ, ಯಾಕ ಸುಮ್ಮನ ಕುಂತಿ?" ಎಂದ. ರೇಣುಕಾ ಕಣ್ಣು ಬಿಟ್ಟು ನಕ್ಕಳು.

"ಬಾಣದ ನಾಕು ಕೀ ಅಷ್ಟ ಕೆಂಪು ಇಡತೀನಿ, ಅವನ್ನ ಟೈಪಿಂಗಿಗೆ ಮುಟ್ಟೂದಿಲ್ಲಲ್ಲ" ಎಂದ ಬಸು. "ಗಾಡಿ ಓಡಸಾಕ ಬೇಕಾಗತೈತಿ. ನಾ ಏನ್ ಪಾಪ ಮಾಡೇನಿ?"

ಇಲ್ಲಿಗೆ ಮುಗಿಯಬೇಕಿತ್ತು. ಭಾನುವಾರ ಬೆಳಿಗ್ಗೆ ನಾನು ತರಕಾರಿಗೆಂದು ಬಜಾರಕ್ಕೆ ಹೋದೆ. ತಿರುಗಿ ಬರುವಾಗ ಹನ್ನೆರಡೂವರೆ. ಬಿಸಿಲು ಕಾಲು ಸುಡುತ್ತಿತ್ತು. ಮೇಜಿನ ಮೇಲೆ ಕೀಬೋರ್ಡಿಲ್ಲ.

"ಅವ್ವಾ, ಕೀಬೋರ್ಡು ಎಲ್ಲಿ?"

"ಮಾಳಗಿ ಮ್ಯಾಲೈತಿ. ಇನ್ನೂ ಹಸೀನ ಇತ್ತು ಯವ್ವಾ. ನಾಳಿಗೆ ಬೇಕಂದಿದ್ದೆಲ್ಲ, ಒಣಗಲಿ ಅಂತ ಹಾಕೀನಿ."

ಮೆಟ್ಟಿಲು ಎಷ್ಟು ಹಾರಿದೆನೋ ಗೊತ್ತಿಲ್ಲ. ಕೆಂಪು ಕಾಯಿಯ ರಾಶಿಯ ನಡುವೆ, ಹಳೇ ಸೀರೆಯ ಮೇಲೆ, ಅಂಗಾತ ಮಲಗಿತ್ತು. ಮೇಲೆ ಕಾಗೆ ಬರದಿರಲೆಂದು ಎರಡು ಹಿಡಿ ಕಾಯಿಯನ್ನೂ ಹರಡಿದ್ದಳು. ಎತ್ತಿದರೆ ರೊಟ್ಟಿಯ ಹಂಚು. ಗುಂಡಿ ಒತ್ತಿದೆ. ದೀಪ ಹತ್ತಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ಬಸುಗೆ ಫೋನ್ ಮಾಡಿದೆ.

"ಬ್ಯಾಟರಿ ಉಬ್ಬೇತೇನು ನೋಡು."

"ಉಬ್ಬಿಲ್ಲ."

"ಹಂಗಾದ್ರ ಚಾರ್ಜಿಗೆ ಹಚ್ಚಬ್ಯಾಡ. ತಂಪಿನ್ಯಾಗ ಇಡು. ನೀರು ಗೀರು ಹಾಕೀ ಮತ್ತ! ಅವ್ವನ ಕೈಗಂತೂ ಕೊಡಬ್ಯಾಡ."

ನೀರಿನ ಹರವಿಯ ಪಕ್ಕ ತಂಪು ನೆಲದ ಮೇಲೆ ಇಟ್ಟು ಎದುರಿಗೆ ಕೂತೆ. ಅವ್ವನೂ ಬಂದು ಕೂತಳು. ನಾನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ, ಇಬ್ಬರಿಗೂ ಹಗುರಾಗುತ್ತಿತ್ತು. ಅವ್ವ, "ಒಂದು ಚೀಲ ಕಾಯಿ ಕೆಟ್ಟದ್ದು ನೋಡೀನಿ. ಅದಕ್ಕ ಮಾಡಿದೆ" ಎಂದಳು. ಆಕೆಯ ಕೈ ಮಡಿಲಲ್ಲಿ ಸುಮ್ಮನೆ ಇದ್ದವು. ಆ ಕೈ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಕಡಿಮೆ. ಎರಡು ಗಂಟೆ ದಾಟಿತು. ಗುಂಡಿ ಒತ್ತಿದೆ. ಸಣ್ಣ ನೀಲಿ ದೀಪ ಹತ್ತಿತು. "ಒಣಗೇತಿ" ಎಂದಳು ಅವ್ವ.

ಸೋಮವಾರ. ಪ್ರಿನ್ಸಿಪಾಲರು ಹೇಳಿದ ಹಾಗೆ ಬಂದು ಹಿಂದೆ ಕೂತರು. ಇಡೀ ಕ್ಲಾಸು ಬೆನ್ನು ನೆಟ್ಟಗೆ ಮಾಡಿಕೊಂಡಿತು. ಸರ್ ಬೇಡಿಕೆ, ಪೂರೈಕೆ, ಬೆಲೆ ಎಂದು ಆರಂಭಿಸಿದರು. ರೇಣುಕಾ ಬೆಂಚಿನ ಮೇಲೆ ಕೈಯಿಟ್ಟಳು. ನಾನು ಹೊಡೆಯತೊಡಗಿದೆ. ಸಪ್ಪಳವಿಲ್ಲ. ಆಕೆಯ ಕಣ್ಣು ಸರಿಯಾದ ಹೊತ್ತಿಗೆ ಕೆಳಗಿಳಿದು ಸರಿಯಾದ ಹೊತ್ತಿಗೆ ಮೇಲೇರುತ್ತಿದ್ದವು.

ಹತ್ತು ನಿಮಿಷ ಆಗಿರಬೇಕು. ಪದಗಳ ನಡುವೆ ಜಾಗ ಬಿಡುವ ಉದ್ದ ಕೀ ಇರುತ್ತದಲ್ಲ, ಅದು ಒತ್ತಿದರೆ ಪೂರ್ತಿ ಇಳಿಯದಾಯಿತು. ಅಡಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಏನು ಎಂದು ನನಗೆ ಹೇಳಬೇಕಾಗಿರಲಿಲ್ಲ. ಟ್ಯಾಬಿನಲ್ಲಿ ಪದಗಳೆಲ್ಲ ಒಂದರ ಬಾಲ ಒಂದು ಹಿಡಿದುಕೊಂಡು ಸಾಲುಗಟ್ಟಿ ಹೊರಟವು. ನಿಲ್ಲಿಸಿ ಕೀ ಎಬ್ಬಿಸಿ ನೋಡಿದರೆ ಸರ್ ಮುಂದೆ ಹೋಗಿಬಿಡುತ್ತಾರೆ. ಜೋರಾಗಿ ಕುಟ್ಟಿದರೆ ಪ್ರಿನ್ಸಿಪಾಲರಿಗೆ ಕೇಳುತ್ತದೆ. ಹೆಬ್ಬೆರಳು ಮಾತ್ರ ರೂಢಿಯಂತೆ ಪ್ರತಿ ಪದಕ್ಕೂ ಆ ಕೀಯ ಮೇಲೆ ಬೀಳುತ್ತಲೇ ಇತ್ತು. ಜಾಗ ಬೀಳದಿದ್ದರೂ ಬೆರಳು ಬೀಳುತ್ತಿತ್ತು. ಓರೆಗಣ್ಣಿನಿಂದ ರೇಣುಕಾಳನ್ನು ನೋಡಿದೆ. ಹುಬ್ಬು ಗಂಟಿಕ್ಕಿದ್ದಳು. ಆದರೆ ಓದುತ್ತಿದ್ದಳು.

ಸರ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತರು.

"ಬೇಡಿಕೆ ಏರಿದ್ರ ಬೆಲಿ ಏರತೈತಿ ಅಂತ ಪುಸ್ತಕದಾಗ ಐತಿ. ನಮ್ಮ ಮನ್ಯಾಗ ಮುಂಜಾನಿಂದ ಎಲ್ಲಾರೂ ನನ್ನನ್ನ ಕರೀತಾರ, ನೀರು ತುಂಬಾಕ, ಗ್ಯಾಸ್ ತರಾಕ, ಹಿಟ್ಟು ಬೀಸಿಸಾಕ. ಅಷ್ಟು ಬೇಡಿಕಿ ಐತಿ. ಆದ್ರ ನನ್ನ ಬೆಲಿ ದಿನಾ ಇಳಕೋತನ ನಡದೈತಿ."

ನನ್ನ ಬೆರಳು ಓಡಿದವು. ಬೆಂಚು ನಡುಗಿತು. ರೇಣುಕಾಳ ಕಣ್ಣು ಆಗಲೇ ಟ್ಯಾಬಿನ ಮೇಲಿದ್ದವು. ಕ್ಲಾಸು ನಕ್ಕಿತು. ಆ ನಗುವಿನೊಳಗೆ ಏರಿಳಿತ ಇಲ್ಲದ ಒಂದು ಜೋರು ನಗುವೂ ಇತ್ತು. ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ನಗುತ್ತಿದ್ದರಲ್ಲ, ತಿರುಗುವುದಕ್ಕೆ ಯಾರಿಗೆ ಪುರಸೊತ್ತು?

ಗಂಟೆಯಾದ ಮೇಲೆ ಪ್ರಿನ್ಸಿಪಾಲರು ನಮ್ಮ ಬೆಂಚಿನ ಹತ್ತಿರ ಬಂದರು.

"ಮೇಡಂ, ಇವತ್ತ ಟೈಪ್ ಮಾಡಿದ್ರೋ ಇಲ್ಲೋ? ನನಗೇನೂ ಕೇಳಲಿಲ್ಲ."

ನಾನು ಟ್ಯಾಬು ತೋರಿಸಿದೆ. ತೋರಿಸಿದ ಮೇಲೆ ನೆನಪಾಯಿತು. ಅವರು ಕನ್ನಡಕ ಏರಿಸಿ ನೋಡಿದರು.

"ಇದೇನ್ರಿ? ಎಲ್ಲಾ ಅಂಟಿಕೊಂಡೈತಲ್ಲ. ಇದನ್ನ ಈಕಿ ಹೆಂಗ ಓದಿದ್ಲು?"

ರೇಣುಕಾ ಅವರ ತುಟಿಯನ್ನೇ ನೋಡುತ್ತಿದ್ದಳು.

"ಅಕ್ಕೋರ ಹೆಬ್ಬಟ್ಟು ಬಿದ್ದಲ್ಲೆ ಒಂದೊಂದು ಮಾತು ಮುಗಿತಿತ್ರಿ ಸರ್. ಬೆಂಚಿನ್ಯಾಗ ಗೊತ್ತಾಗತಿತ್ತು."

ಪ್ರಿನ್ಸಿಪಾಲರು ಕೈಯಲ್ಲಿದ್ದ ಕಾಗದ ಕೆಳಗಿಟ್ಟು ತಮ್ಮ ಅಂಗೈಯನ್ನು ಬೆಂಚಿನ ಮೇಲೆ, ರೇಣುಕಾಳ ಕೈ ಇದ್ದ ಜಾಗದಲ್ಲೇ, ಅಗಲವಾಗಿ ಇಟ್ಟರು. "ಒಂದೀಟು ಹೊಡೀರಿ ಮೇಡಂ" ಎಂದರು. ಏನು ಹೊಡೆಯುವುದೆಂದು ತಿಳಿಯದೆ ನನ್ನ ಹೆಸರನ್ನೇ ಹೊಡೆದೆ, ಬಿ.ಎ. ಸಹಿತ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಕಾಗದ ಎತ್ತಿಕೊಂಡು, "ನಡೀಲಿ" ಎಂದು ಹೋದರು. ಬಾಗಿಲ ಹತ್ತಿರ ಹೋಗಿ ತಿರುಗಿ, "ಆ ಕೀ ಒಂದು ರಿಪೇರಿ ಮಾಡಿಸ್ರಿ" ಎಂದರು.

ಉದ್ದ ಕೀಯನ್ನು ಉಗುರಿನಿಂದ ಎಬ್ಬಿಸಿದೆ. ಅಡಿಯಲ್ಲಿ ಬೀಜ, ಹಳದಿ, ಗರಿಗರಿ. ರೇಣುಕಾ ಅದನ್ನು ತನ್ನ ಅಂಗೈಯಲ್ಲಿ ತೆಗೆದುಕೊಂಡು ನೋಡಿದಳು. ಏನೋ ಹೇಳುವವಳ ಹಾಗೆ ನನ್ನ ಕಡೆ ಬಗ್ಗಿದಳು. ಕೃತಜ್ಞತೆಯ ಮಾತು ಬರುತ್ತದೆ ಎಂದು ನಾನು ಮುಖ ಸರಿ ಮಾಡಿಕೊಂಡೆ.

"ಅಕ್ಕೋರ," ಎಂದಳು, ವರಾಂಡದ ತುದಿಯಲ್ಲಿ ಹೋಗುತ್ತಿದ್ದ ಅರ್ಥಶಾಸ್ತ್ರದ ಸರ್ ತಿರುಗಿ ನೋಡುವಷ್ಟು ಜೋರಾಗಿ, "ಜೋಕು ಅಷ್ಟೇನೂ ಚಲೋ ಇರಲಿಲ್ರಿ."